ಮುತ್ಯಾನ ತೊಡೆ

ಮಕ್ಕಳು ಕೂರಬೇಕಾದದ್ದು ಹಿರಿಯರ ತೊಡೆಯ ಮೇಲೆ, ಪ್ಲಾಸ್ಟಿಕ್ ಕುರ್ಚಿಯಲ್ಲಲ್ಲ ಎಂಬುದು ಬಸವಂತರಾಯರ ಖಚಿತ ಅಭಿಪ್ರಾಯ. ಅವರ ಅಭಿಪ್ರಾಯಗಳೆಲ್ಲವೂ ಖಚಿತವೇ. ಮೂವತ್ತು ವರ್ಷ ಸಹಕಾರಿ ಸಂಘದ ಕಾರ್ಯದರ್ಶಿಯಾಗಿದ್ದವರು. ಎದುರಿಗೆ ನಿಂತವರನ್ನೆಲ್ಲ ದಡ್ಡರೆಂದು ನೋಡಿ ನೋಡಿ ಕಣ್ಣಿಗೆ ಅದೇ ರೂಢಿಯಾಗಿತ್ತು.

ಆ ಭಾನುವಾರ ಬೆಳಿಗ್ಗೆ ಕಟ್ಟೆಯ ಮೇಲೆ ಚಹ ಹಿಡಿದು ಕೂತು ಅವರು ನೋಡುತ್ತಿದ್ದದ್ದು ಮಗ ಸುನೀಲಕುಮಾರನನ್ನು. ಕಾರಿನ ಹಿಂಬಾಗಿಲಿನಿಂದ ಅವನ ಕಾಲೆರಡು ಮಾತ್ರ ಹೊರಗಿದ್ದವು. ಒಳಗೆ ಅವನು ಮೂರು ಮಕ್ಕಳ ಸೀಟುಗಳ ಜೊತೆ ಗುದ್ದಾಡುತ್ತಿದ್ದ. ನಾಲ್ಕು ವರ್ಷದ ಮನೀಷಾಳಿಗೆ ಒಂದು, ಒಂದೂವರೆ ವರ್ಷದ ಅವಳಿ ಗಂಡುಮಕ್ಕಳಿಗೆ ಎರಡು. ಊರಲ್ಲಿ ಯಾರ ಕಾರಿನಲ್ಲೂ ಇಲ್ಲದ ಈ ವೈಭವ ಸೊಸೆ ಸಪ್ನಾಳದು. ಹೈಸ್ಕೂಲಿನಲ್ಲಿ ಗಣಿತ ಹೇಳುವವಳು; ಹಿಂದಿನ ಸೀಟನ್ನು ಟೇಪು ಹಿಡಿದು ಅಳೆದು, ನಲವತ್ತೆರಡು ಸೆಂಟಿಮೀಟರ್ ಮೀರದವನ್ನೇ ಹುಡುಕಿ ತರಿಸಿದ್ದಳು. ಮೂರೂ ಕೂತರೆ ನಡುವೆ ಬೆರಳು ತೂರುವಷ್ಟೂ ಜಾಗ ಉಳಿಯದು.

ಇಷ್ಟಕ್ಕೆಲ್ಲ ಕಾರಣ ಒಂದು ಎಮ್ಮೆ. ಹೋದ ತಿಂಗಳು ಸೊನ್ನದ ಬ್ಯಾರೇಜು ನೋಡಿ ಮರಳುವಾಗ ಅದು ಅಡ್ಡ ಬಂತು, ಸುನೀಲ ಬ್ರೇಕು ಹಾಕಿದ, ಮುಂದಿನ ಸೀಟಿನಲ್ಲಿ ಮುತ್ಯಾನ, ಅಂದರೆ ಅಜ್ಜ ಬಸವಂತರಾಯರ, ತೊಡೆಯ ಮೇಲಿದ್ದ ಮನೀಷಾಳ ಹಣೆ ಡ್ಯಾಶ್‌ಬೋರ್ಡಿಗೆ ಬಡಿಯಿತು. ಮೂರು ಹೊಲಿಗೆ. "ಎಂಥಾ ಜರ್ಕು ಅಂತೀರಿ, ಕೂಸಿನ್ನ ಕೈಯಾಗಿಂದ ಕಸಕೊಂಡ ಹೋತು" ಎಂದು ಬಸವಂತರಾಯರು ಓಣಿಗೆಲ್ಲ ಹೇಳಿ ಎಮ್ಮೆಯನ್ನೂ ಅದರ ಮಾಲೀಕನನ್ನೂ ಬೈದು ಮುಗಿಸಿದ್ದರು. ಸಪ್ನಾ ಅಳತೆ ಟೇಪು ತಂದಳು.

ಈಗ ಆಳಂದದಲ್ಲಿ ಅವಳ ತಂಗಿಯ ಮಗುವಿನ ತೊಟ್ಟಿಲು ಶಾಸ್ತ್ರ. ಹಿಂದೆ ಮೂರು ಸೀಟು, ಮುಂದೆ ಗಂಡ ಹೆಂಡತಿ. ನಿನ್ನೆ ರಾತ್ರಿ ಊಟದ ಹೊತ್ತಿಗೆ ಸುನೀಲ ತಟ್ಟೆಯಲ್ಲಿ ಮುಖವಿಟ್ಟು, "ಅಪ್ಪಾ, ನೀವು ನಾಳೆ ಬಸ್ಸಿಗೆ ಬರ್ತೀರೇನ್ರಿ" ಎಂದು ಕೇಳಿದ್ದ. ಕಾರು ಕೊಂಡಾಗಿನಿಂದ ಮುಂದಿನ ಸೀಟು ಬಿಟ್ಟು ಬೇರೆಲ್ಲೂ ಕೂರದ ಬಸವಂತರಾಯರು ತುತ್ತನ್ನು ತಟ್ಟೆಗೇ ಬಿಟ್ಟು ಕೈ ತೊಳೆದರು. ಬೀಗರ ಓಣಿಯಲ್ಲಿ ಮಗ ಕಾರಿನಿಂದ ಇಳಿಯಬೇಕು, ತಾವು ಬಸ್‌ಸ್ಟ್ಯಾಂಡಿನಿಂದ ಧೂಳು ಮೆತ್ತಿಕೊಂಡು ನಡೆದುಹೋಗಬೇಕು. ರಾತ್ರಿಯಿಡೀ ಅವರಿಗೆ ಅದೇ ಕಣ್ಣಿಗೆ ಕಟ್ಟಿತ್ತು.

"ಬೆಲ್ಟ್ ಅದ, ಆದ್ರ ಸಿಗಿಸೋ ಬಕಲ್ಲ ಇಲ್ಲ" ಎಂದು ಒಳಗಿನಿಂದ ಸುನೀಲನ ದನಿ ಬಂತು. "ಹಿಂದ ಮೂರಕ್ಕ ಒಂದೂ ಇಲ್ಲ. ಕಂಪನಿಯವ್ರು ಕೊಟ್ಟೇ ಇಲ್ಲೇನೋ."

ಬಸವಂತರಾಯರು ಚಹ ಗುಟುಕರಿಸಿದರು. ಬಕಲ್ ಎಲ್ಲಿವೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಾರು ತಂದ ಮೂರನೇ ದಿನ, ಸುನೀಲ ಕಾಲೇಜಿಗೆ ಹೋದಾಗ, ಸೀಟಿಗೆ ರೆಕ್ಸಿನ್ ಕವರ್ ಹೊಲಿಯುವ ಅಲ್ತಾಫನನ್ನು ಮನೆಗೆ ಕರೆಸಿದವರು ಅವರೇ. "ಹಿಂದಿನ ಬಕಲ್ ಮ್ಯಾಲ ತೆಗೀಲೇನ್ರಿ ಸಾಹೇಬ್ರ" ಎಂದು ಅವನು ಕೇಳಿದ್ದ. "ಯಾರ ಹಾಕೋತಾರ ಅವನ್ನ, ಕುಂಡಿಗಿ ಚುಚ್ಚತಾವ. ಒಳಗ ಹೊಚ್ಚಿ ಹೊಲದಬಿಡಲೇ" ಎಂದು ಇವರು ಅಪ್ಪಣೆ ಕೊಡಿಸಿದ್ದರು.

ಹೇಳಲು ಒಂದು ಮಾತು ಸಾಕಿತ್ತು. ಅವರು ಹೇಳಲಿಲ್ಲ. ಬದಲಿಗೆ ಮಗನ ಕಾಲುಗಳನ್ನು ನೋಡುತ್ತ ಮನಸ್ಸು ತಣಿಯುವಷ್ಟು ತಿರಸ್ಕಾರ ಮಾಡಿದರು. ಇವನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನಂತೆ. ಕೂತ ಸೀಟಿನ ಕೆಳಗೆ ಏನಿದೆ ಎಂದು ಮೂರು ವರ್ಷದಲ್ಲಿ ತಿಳಿಯದವನು ಹುಡುಗರಿಗೆ ವೇಗ ಕಲಿಸುತ್ತಾನೆ. ಸೊಸೆ ಅಳತೆಯಲ್ಲಿ ಶ್ಯಾಣೆ. ಅಳೆದದ್ದು ಅಗಲವನ್ನು, ಕವರಿನ ಒಳಗೆ ಕೈಯಾಡಿಸಲು ಅವಳ ಪುಸ್ತಕದಲ್ಲಿ ಎಲ್ಲಿ ಹೇಳಿದ್ದಾರೆ?

ಸುನೀಲ ಕೊನೆಗೆ ಹಿತ್ತಲಿನಿಂದ ಹಗ್ಗ ತಂದ. ಮೂರೂ ಸೀಟುಗಳನ್ನು ಸೇರಿಸಿ ಜೋಳದ ಚೀಲ ಬಿಗಿದಂತೆ ಬಿಗಿದ. ಸಪ್ನಾ ಬಂದು ನಡುವಿನದನ್ನು ಒಂದೇ ಕೈಯಲ್ಲಿ ಅಲುಗಿಸಿದಳು. ಮೂರೂ ಒಟ್ಟಿಗೆ ಮುಂದಕ್ಕೆ ವಾಲಿದವು. ಅವಳು ಗಂಡನ ಮುಖ ನೋಡಿದಳು, ಗಂಡ ಹಗ್ಗ ನೋಡಿದ.

"ಹಂಗಾರ ನಾ ಮೂರೂ ಮಂದಿನ್ನ ಕರಕೊಂಡು ಬಸ್ಸಿಗೆ ಹೋಗ್ತೇನಿ" ಎಂದಳು.

"ಕಂಕುಳಾಗ ಎರಡು, ಕೈಯಾಗ ಒಂದು, ಮ್ಯಾಲ ಚೀಲ. ಹೆಂಗ ಹೋಗ್ತೀ?" ಎಂದು ಸುನೀಲ ಕೇಳಿದ. "ಇವತ್ತೊಂದು ದಿನ ಮೊದಲಿನಂಗ ಹೋಗೋಣು. ಅವಳಿ ಹುಡುಗರ್ನ ತಗೊಂಡು ನೀ ಹಿಂದ ಕೂಡು. ಮನೀಷಾನ್ನ ಅಪ್ಪ ತಗೋತಾರ."

ಬಸವಂತರಾಯರು ಮೀಸೆಯಲ್ಲೇ ನಕ್ಕರು. ಸೀಟುಗಳು ಒಂದೊಂದಾಗಿ ಕಟ್ಟೆಗೆ ಬಂದು ಬಿದ್ದವು. ಇಸ್ತ್ರಿಯ ಧೋತರದ ಚುಂಗು ಹಿಡಿದು ಅವರು ಮುಂದಿನ ಸೀಟಿನಲ್ಲಿ ಕೂತು, ಕಾಲು ಚಾಚಿ, ತೊಡೆ ತಟ್ಟಿದರು. "ಬಾ ಬೇ ನನ್ನ ಬಂಗಾರ, ಮುತ್ಯಾನ ತೊಡಿಮ್ಯಾಲ ಕೂಡು ಬಾ."

ಮನೀಷಾ ಬಾಗಿಲ ಹತ್ತಿರ ಬಂದು ನಿಂತಳು. ಹಣೆಯ ಮೇಲಿನ ಗಾಯ ಒಣಗಿ ಕೆಂಪು ಗೆರೆಯಾಗಿತ್ತು. ಹತ್ತಲಿಲ್ಲ.

"ಬ್ಯಾಡ" ಎಂದಳು. "ನೀ ಕೈ ಬಿಡ್ತಿ."

"ನಾ ಎಲ್ಲಿ ಬಿಟ್ಟೇನವಾ, ಎಮ್ಮಿ ಬಂತು."

"ನೀ ಬಿಟ್ಟಿ. ಹಿಂಗ ಮಾಡ್ದಿ." ಮಗು ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿ ತೋರಿಸಿತು. ಬೀಳುವವನು ತನ್ನನ್ನು ತಾನು ಉಳಿಸಿಕೊಳ್ಳಲು ಚಾಚುವ ಹಾಗೆ. ಸಿಟ್ಟಿರಲಿಲ್ಲ, ಅಳುವಿರಲಿಲ್ಲ, ಹಾಲು ಮುಗಿದಿದೆ ಎಂದು ಹೇಳುವಾಗಿನ ದನಿ.

ಬಸವಂತರಾಯರು ತಮ್ಮ ಅಂಗೈಗಳನ್ನು ನೋಡಿಕೊಂಡರು. ಹೌದು, ಹಾಗೆಯೇ ಆಗಿತ್ತು. ಬ್ರೇಕು ಬಿದ್ದ ಕ್ಷಣ ಮಗುವಿನ ಸೊಂಟದ ಸುತ್ತ ಇದ್ದ ಎರಡೂ ಕೈಗಳು ಡ್ಯಾಶ್‌ಬೋರ್ಡಿಗೆ ಹೋಗಿದ್ದವು, ತಮ್ಮನ್ನು ಕಾಯಲು. ಸುನೀಲ ರಸ್ತೆ ನೋಡುತ್ತಿದ್ದ, ಸಪ್ನಾ ಹಿಂದೆ ಅವಳಿಗಳನ್ನು ಅಪ್ಪಿಕೊಂಡಿದ್ದಳು. ಇದನ್ನು ಕಂಡವಳು ಇವಳೊಬ್ಬಳೇ ಎಂಬುದು ಅವರಿಗೆ ಈ ಒಂದು ತಿಂಗಳಲ್ಲಿ ಹೊಳೆದೇ ಇರಲಿಲ್ಲ.

ಅವರು ಕಾರಿನಿಂದಿಳಿದು ಅಡುಗೆಮನೆಗೆ ಹೋಗಿ ಚೂರಿ ತಂದರು. ಹಿಂದಿನ ಸೀಟಿನ ಮೇಲೆ ಮೊಣಕಾಲೂರಿ ರೆಕ್ಸಿನ್ ಹರಿಯತೊಡಗಿದರು.

"ಅಪ್ಪಾ, ಏನ್ ಮಾಡಾಕತ್ತೀರಿ?"

"ಬಕಲ್ ಇಲ್ಲೇ ಅದಾವ" ಎಂದರು ಬಸವಂತರಾಯರು, ತಲೆ ಎತ್ತದೆ. "ನಾನ ಒಳಗ ಹಾಕಿ ಹೊಲಿಸೇನಿ."

ಮೂರು ವರ್ಷದ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚಿರದ ಮೂರು ಬಕಲ್ ಹೊರಗೆ ಬಂದವು. ಸುನೀಲ ಏನೋ ಹೇಳಲು ಬಾಯಿ ತೆರೆದ. ಸಪ್ನಾ ಕಣ್ಣಲ್ಲೇ ತಡೆದಳು. ಅಷ್ಟು ಮರ್ಯಾದೆಯಾದರೂ ಸೊಸೆಯಿಂದ ಬಂತಲ್ಲ ಎಂಬುದು ಅವರಿಗೆ ಇನ್ನೂ ಹೆಚ್ಚು ಚುಚ್ಚಿತು. ಅರ್ಧ ಗಂಟೆಯಲ್ಲಿ ಮೂರು ಸೀಟುಗಳೂ ಭುಜಕ್ಕೆ ಭುಜ ತಾಗಿಸಿ ಕೂತವು. ಸಪ್ನಾಳ ಲೆಕ್ಕ ತಪ್ಪಿರಲಿಲ್ಲ.

"ಮಾವಾರ, ಮುಂದ ನೀವ ಕೂಡ್ರಿ. ನಾ ಬಸ್ಸಿಗೆ ಬರ್ತೇನಿ" ಎಂದಳು ಅವಳು.

"ಮೂರು ಕೂಸು ಹಿಂದ ಇದ್ದಾಗ ತಾಯಿ ಬಸ್ಸಿನ್ಯಾಗ ಬರ್ತಾಳೇನು? ನೀ ಕೂಡವಾ." ಅವರು ಚೀಲ ಕೈಗೆ ತೆಗೆದುಕೊಂಡರು. "ಹನ್ನೊಂದಕ್ಕ ಒಂದು ಬಸ್ಸದ."

ಮನೀಷಾ ತನ್ನ ಸೀಟಿನಲ್ಲಿ ರಾಣಿಯಂತೆ ಕೂತಿದ್ದಳು. "ಮುತ್ಯಾ, ಘಟ್ಟಿ ಅದನ ನೋಡು" ಎಂದಳು. ಬಸವಂತರಾಯರು ಚೀಲ ಕೆಳಗಿಟ್ಟು ಬಾಗಿ, ಅವಳ ಎದೆಯ ಮೇಲಿನ ಬೆಲ್ಟನ್ನು ಹಿಡಿದು ಜಗ್ಗಿದರು. ಇನ್ನೊಮ್ಮೆ, ಎರಡೂ ಕೈಯಿಂದ, ಇದ್ದ ಬಲವನ್ನೆಲ್ಲ ಹಾಕಿ ಜಗ್ಗಿದರು. ಅದು ಬಿಡಲಿಲ್ಲ.