ಮುಂಗೊನ ಕಿವಿ

ಬೆಥಿಯಾ ಬಾಗಿಲು ತಟ್ಟದೆ ಒಳಗೆ ಬಂದಳು. ಶಾಲು ಬಿಚ್ಚದೆ ಒಲೆಯ ಪಕ್ಕ ಕೂತು, ಗೋಡೆಗೆ ಒರಗಿಸಿಟ್ಟಿದ್ದ ಕಡಲಿನ ಚಿತ್ರವನ್ನು ನೋಡಿದಳು.

"ಈ ಬಣ್ಣದೆಣ್ಣೆ ನಾತಕ್ಕಿಂತ ನಮ್ಮ ಮೀನಿನ ನಾತವೇ ವಾಸಿ ಕಣೇ ಗ್ರಿಜೆಲ್. ಹೆಂಗೆ ಮಲಗ್ತೀಯೋ ಇದರಲ್ಲಿ."

ಗ್ರಿಜೆಲ್ ಚಹಾ ಬಗ್ಗಿಸಿದಳು. ಬೆಥಿಯಾಳ ಮಗ ಮುಂಗೊನ ದೋಣಿ ಬೋರಲಾಗಿ ದಡಕ್ಕೆ ಬಂದಿತ್ತು, ಅವನು ಬರಲಿಲ್ಲ. ಹೆಣವಿಲ್ಲದ ಪ್ರಾರ್ಥನೆಯಲ್ಲಿ ನಿಂತಾಗ ಗ್ರಿಜೆಲ್‌ಗೆ ಕೈ ತಣ್ಣಗಾಗಿದ್ದು ಬಿಟ್ಟರೆ ಬೇರೇನೂ ಅನ್ನಿಸಿರಲಿಲ್ಲ. ಈಗಲೂ ಅಷ್ಟೆ.

ಆಯಸ್ಸೆಲ್ಲ ಅಬರ್ಡೀನಿನ ಹುಡುಗಿಯರಿಗೆ ಚಿತ್ರ ಬರೆಯುವುದನ್ನು ಕಲಿಸಿ, ಭಾನುವಾರಗಳಲ್ಲಿ ಮಾತ್ರ ತನ್ನದನ್ನು ಬರೆದು, ಕೆಲಸ ಬಿಟ್ಟಮೇಲೆ ಈ ಬೆಸ್ತರ ಊರಿಗೆ ಬಂದವಳು ಅವಳು. ಎಡಿನ್‌ಬರೋದ ಪ್ರದರ್ಶನದವರು ಮೊದಲ ಸಲ ಅವಳಿಗೊಂದು ಇಡೀ ಗೋಡೆ ಕೊಟ್ಟಿದ್ದರು. ಗೋಡೆಯ ನಡುವೆ ಈ ಕಡಲು. ಚಿತ್ರಗಳನ್ನು ಒಯ್ಯಲು ಸೋಮವಾರ ಗಾಡಿ ಬರುವುದಿತ್ತು.

"ಅವತ್ತು ಅಳಿಸು ಅಂದೋಳು ನಾನೇ, ಅಲ್ವಾ?" ಎಂದಳು ಬೆಥಿಯಾ.

ಕಡಲಿಗೆ ಹೋಗುವ ಗಂಡಸು ಮುಖ ಬರೆಸಿಕೊಂಡರೆ ಕಡಲು ಆ ಮುಖವನ್ನು ತನಗೆ ಕೊಡೆಂದು ಕೇಳುತ್ತದೆ ಎಂದು ಆ ದಡದವರ ನಂಬಿಕೆ. ಹೋದ ಶರತ್ಕಾಲದಲ್ಲಿ ಮುಂಗೊ ಕದ್ದು ಬಂದು ಗ್ರಿಜೆಲ್ ಮುಂದೆ ಚಿತ್ರಕ್ಕೆ ಕೂತಿದ್ದ. ತಿಳಿದ ತಾಯಿ ಹಿಟ್ಟಿನ ಕೈಯಲ್ಲೇ ಓಡಿ ಬಂದು, ಗ್ರಿಜೆಲ್ ಚಿತ್ರದಲ್ಲಿನ ಅವನ ಮುಖದ ಮೇಲೆ ಬಣ್ಣ ಬಳಿಯುವವರೆಗೂ ಕದಲಿರಲಿಲ್ಲ. ಅದೇ ಕ್ಯಾನ್ವಾಸಿನ ಮೇಲೆ ಗ್ರಿಜೆಲ್ ಕಡಲು ಬರೆದಳು.

"ಒಂದು ಫೋಟೋನೂ ಇಲ್ಲ. ನಾನೇ ತೆಗೆಸೋಕೆ ಬಿಡ್ಲಿಲ್ಲ. ಅದರ ಕೆಳಗೆ ಇದಾನಾ ಇನ್ನೂ?"

ಗ್ರಿಜೆಲ್ ಹೆಬ್ಬೆರಳಿನಿಂದ ಒತ್ತಿ ನೋಡಿದಳು. ತೆಳ್ಳಗೆ ಬರೆದ ಮುಖ ಎಂದೋ ಒಣಗಿತ್ತು. ದಪ್ಪಗೆ ಮೆತ್ತಿದ ಕಡಲು ಈ ಥಂಡಿ ಮನೆಯಲ್ಲಿ ಇನ್ನೂ ಬೆಣ್ಣೆಯಂತಿತ್ತು. ಕೆರೆದರೆ ಬರುತ್ತದೆ. ಕೆರೆದರೆ ಸೋಮವಾರಕ್ಕೆ ಕಡಲಿಲ್ಲ.

"ಇದಾನೆ," ಎಂದು ಅಗಲದ ಚೂರಿ ತೆಗೆದುಕೊಂಡಳು.

ಹಸಿರು, ಬೂದಿ ಬಣ್ಣಗಳು ಮುದ್ದೆಯಾಗಿ ಹಳೆಯ ಪತ್ರಿಕೆಯ ಮೇಲೆ ಬಿದ್ದವು. ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿದಳು. ಹಣೆಯೂ ಬಾಯಿಯೂ ಅದರ ಜೊತೆಗೇ ಕಿತ್ತುಹೋದವು. ಒಂದು ಕಣ್ಣು ಉಳಿಯಿತು. ಆಮೇಲೆ ಕಿವಿ ಬಂತು.

ಬೆಥಿಯಾ ಬಗ್ಗಿ ನೋಡಿದಳು. "ಅವರಪ್ಪನ ಕಿವಿ. ಟೋಪಿಯೊಳಗೆ ನಿಲ್ತಾನೇ ಇರ್ಲಿಲ್ಲ. ಹುಡುಗರು ಮೊರ ಬಂತು, ಮೊರ ಬಂತು ಅಂತ ಆಡ್ಕೋತಿದ್ರು."

"ಇನ್ನೂ ಕೆರೀಲಾ?"

"ಬ್ಯಾಡ. ಇದೂ ಹೋದೀತು."

ಇಬ್ಬರೂ ಚಿತ್ರವನ್ನು ಆಚೀಚೆ ಹಿಡಿದು ಗಾಳಿಯಲ್ಲಿ ಬೆಥಿಯಾಳ ಮನೆಗೆ ಸಾಗಿಸಿದರು. ಅವಳ ಶಾಲಿಗೆ ಹಸಿರು ಮೆತ್ತಿತು.

"ಸೋಮವಾರ ಅವರಿಗೆ ಏನಂತೀಯೇ?"

"ಇನ್ನೂ ಒಣಗಿಲ್ಲ ಅಂತೀನಿ."

ಗ್ರಿಜೆಲ್ ಹಿಂದಿರುಗಿ, ಆರಿದ ಚಹಾ ಕುಡಿದು, ಚೂರಿ ತೊಳೆದಿಟ್ಟಳು.