ಆಸನವೂ ಇರಲಿ, ಗುಳಿಗೆಯೂ ಇರಲಿ

ಬನಹಟ್ಟಿಯ ನೇಕಾರ ಅಂದಾನೆಪ್ಪನಿಗೆ ಎರಡೂ ಕಿಡ್ನಿ ಅರ್ಧಕ್ಕಿಂತ ಹೆಚ್ಚು ಸೋತಿವೆ ಎಂದು ಡಾಕ್ಟರು ಹೇಳಿ ಎರಡು ವರ್ಷವಾಗಿತ್ತು. ಅಂದಿನಿಂದ ಅವನ ಹೆಂಡತಿ ಶೇವಂತಿಗೆ ಸಲಹೆ ಕೊಡುವವರನ್ನು ಸಂಭಾಳಿಸುವುದೇ ಸಾಕಾಗಿತ್ತು. ಒಬ್ಬರು ಬೇರಿನ ಕಷಾಯ ತಂದರೆ ಇನ್ನೊಬ್ಬರು ಹಣ್ಣಿನ ರಸ ತರುವರು. ಬೇಡವೆಂದರೆ ಅವಳೇ ಕೆಟ್ಟವಳು.

ಊರಲ್ಲಿ ಯೋಗ ಶಿಬಿರ ನಡೆದಾಗ ಅಂದಾನೆಪ್ಪ ಹೋದ. ಹತ್ತು ದಿನಕ್ಕೆ ಮೈ ಹಗುರಾಯಿತು, ನಿದ್ದೆ ಬಂತು. ಅಷ್ಟಕ್ಕೇ ಬಿ.ಪಿ. ಗುಳಿಗೆ ನಿಲ್ಲಿಸಿಬಿಟ್ಟ.

“ನಿಮಗ ಛಲೋ ಅನಸ್ತು ಅಂತ ರೋಗ ಹೋತೇನ್ರಿ?” ಎಂದು ಶೇವಂತಿ ಕೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ನೆರೆಯ ಗೂಳಪ್ಪ, ಗುಳಿಗೆ ಬಿಟ್ಟಿದ್ದಕ್ಕೆ ಅವನನ್ನು ಹೊಗಳಿ, ದಿನಾ ಎರಡು ಎಳನೀರು ಕುಡಿಸತೊಡಗಿದ.

ಮೂರು ವಾರದಲ್ಲಿ ಕಾಲು ಬಾತವು. ಒಂದು ಮುಂಜಾನೆ ಅಂದಾನೆಪ್ಪ ಉಸಿರು ಸಿಗದೆ ಮಗ್ಗದ ಬಳಿಯೇ ಕುಸಿದ. ಆಸ್ಪತ್ರೆಯಲ್ಲಿ ನೋಡಿದರೆ ಬಿ.ಪಿ. ವಿಪರೀತ ಏರಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿ ಹೃದಯಕ್ಕೇ ಅಪಾಯವಾಗಿತ್ತು. ಎಳನೀರಿನಲ್ಲಿ ಅದು ಬಹಳ. ಸೋತ ಕಿಡ್ನಿ ಅದನ್ನು ಹೊರಹಾಕಲಾರದು. ಎರಡು ಸಲ ಡಯಾಲಿಸಿಸ್ ಆದ ಮೇಲೆ ಜೀವ ಉಳಿಯಿತು.

ಈಗ ಗೂಳಪ್ಪ ಮಾತು ತಿರುಗಿಸಿ, ಯೋಗದಿಂದಲೇ ಹೀಗಾಯಿತೆಂದ. ಶೇವಂತಿಯ ತಾಳ್ಮೆ ಮುಗಿದಿತ್ತು. ಶಿಬಿರ ನಡೆಸಿದ್ದ ಪ್ರಕೃತಿ ಚಿಕಿತ್ಸೆಯ ಡಾಕ್ಟರ್ ಶೈಲಾ ಅವರನ್ನೇ ಮನೆಗೆ ಕರೆತಂದಳು.

“ಗುಳಿಗಿ ಬಿಡ್ರಿ ಅಂತ ನಾ ಎಲ್ಲಿ ಹೇಳೇನ್ರಿ?” ಎಂದರು ಶೈಲಾ, ಬೇಸರದಿಂದ. “ಯಾರಿಗೆ ಏನ್ ಬ್ಯಾನಿ ಐತಿ ಹೇಳ್ರಿ ಅಂತ ಮೊದಲನೇ ದಿನಾನ ಕೇಳಿದ್ನಿ. ನೀವು ಬಾಯಿ ಬಿಡಲಿಲ್ಲ.”

“ಎಲ್ಲಾರ ಮುಂದ ಹ್ಯಾಂಗ ಹೇಳ್ಲಿರಿ, ನಾಚಿಕಿ ಆತು,” ಎಂದ ಅಂದಾನೆಪ್ಪ.

ಯೋಗ ಸೋತ ಕಿಡ್ನಿಯನ್ನು ಮತ್ತೆ ಹೊಸದಾಗಿಸದು, ಆದರೆ ಮನಸ್ಸಿನ ದುಗುಡ ಇಳಿಸುತ್ತದೆ, ನಿದ್ದೆಗೂ ಬಿ.ಪಿ. ಹತೋಟಿಗೂ ನೆರವಾಗುತ್ತದೆ ಎಂದು ಶೈಲಾ ತಿಳಿಸಿದರು. ಕಿಡ್ನಿ ಡಾಕ್ಟರರೊಂದಿಗೆ ಮಾತಾಡಿ, ಹಗುರ ಆಸನ, ಉಸಿರು ಬಿಗಿಹಿಡಿಯದ ಪ್ರಾಣಾಯಾಮ, ಶವಾಸನ ಕಲಿಸಿದರು. ಉಪ್ಪಿನಕಾಯಿ, ಹಪ್ಪಳ ದೂರವಾದವು. ಉಪವಾಸ, ಕಷಾಯ, ಎಳನೀರು ಎಲ್ಲ ನಿಂತವು. ನೀರಿಗೂ ಡಾಕ್ಟರರ ಅಳತೆ ಬಂತು. ಗುಳಿಗೆ ತಪ್ಪಲಿಲ್ಲ.

ಆರು ತಿಂಗಳಾಯಿತು. ಕಾಯಿಲೆ ಹೋಗಿಲ್ಲ. ಆದರೆ ರಕ್ತಪರೀಕ್ಷೆಯಲ್ಲಿ, ಕಿಡ್ನಿ ಎಷ್ಟು ಸೋತಿದೆ ಎಂದು ತೋರಿಸುವ ಕ್ರಿಯಾಟಿನಿನ್ ಮತ್ತೆ ಏರಿಲ್ಲ, ಅಂದಾನೆಪ್ಪ ಮಗ್ಗಕ್ಕೆ ಹೋಗುತ್ತಿದ್ದಾನೆ. ಮುಂಜಾನೆ ಯೋಗಕ್ಕೆ ಶೇವಂತಿಯೂ ಅವನ ಪಕ್ಕದಲ್ಲಿ ಚಾಪೆ ಹಾಸಿ ಕೂರುತ್ತಾಳೆ.

ನಿಮ್ಮ ಮನೆಯಲ್ಲೂ ಕಿಡ್ನಿ ಕಾಯಿಲೆಯವರಿದ್ದರೆ ಯೋಗ ಮಾಡಿಸಿ, ಡಾಕ್ಟರರನ್ನು ಕೇಳಿಯೇ ಮಾಡಿಸಿ. ಅವರು ಹೇಳದೆ ಒಂದು ಗುಳಿಗೆಯನ್ನೂ ಬಿಡಬೇಡಿ. ಕಲಿಸುವವರ ಮುಂದೆ ಕಾಯಿಲೆ ಮುಚ್ಚಿಡಬೇಡಿ. ಹೇಳಲು ಬೇಕಾದದ್ದು ಒಂದೇ ನಿಮಿಷ.