ಮನೆತನದ ಗತ್ತು

ಮೂವತ್ತು ವರ್ಷ ಗೋಡೆಗೆ ಬಣ್ಣ ಬಳಿದವನು ನಾನು. ಐವತ್ತಾಗುತ್ತಿದ್ದಂತೆ ಏಣಿಯ ನಾಲ್ಕನೇ ಮೆಟ್ಟಿಲಿಗೆ ಕಾಲು ಏಳದಾಯಿತು. ಒಬ್ಬ ಡಾಕ್ಟರು ವಯಸ್ಸು ಎಂದರು, ಇನ್ನೊಬ್ಬರು ಬೆನ್ನುಮೂಳೆ ಎಂದರು, ಮತ್ತೊಬ್ಬರು ವಿಟಮಿನ್ ಗುಳಿಗೆ ಬರೆದುಕೊಟ್ಟು ಕೈತೊಳೆದುಕೊಂಡರು. ಹೀಗೇ ಎರಡು ವರ್ಷ ಕಳೆಯಿತು.

ನಾಲ್ಕನೆಯವರು ನರ, ಸ್ನಾಯುಗಳನ್ನು ನೋಡುವ ಡಾಕ್ಟರಮ್ಮ. ಅವರ ಕೋಣೆಯ ಗೋಡೆಗೆ ಯಾವನೋ ಬಿರುಕು ಮುಚ್ಚಲು ಮೆತ್ತಿದ ಪುಟ್ಟಿ ಒಣಗುವ ಮೊದಲೇ ಬಣ್ಣ ಹೊಡೆದಿದ್ದ. ನೋಡಿ ಮೈ ಉರಿಯಿತು. ಅವರು ನನ್ನನ್ನು ನೆಲದ ಮೇಲೆ ಕೂರಿಸಿ, "ಈಗ ಎದ್ದೇಳಿ," ಎಂದರು.

ಎದ್ದೆ. ಅಂಗೈ ಮೊದಲು ನೆಲಕ್ಕೆ, ಆಮೇಲೆ ಮಂಡಿಗೆ, ಆಮೇಲೆ ತೊಡೆಗೆ. ನನ್ನ ಕಾಲನ್ನೇ ಏಣಿ ಮಾಡಿಕೊಂಡು ಹತ್ತಿದ ಹಾಗೆ.

"ಯಾವಾಗಿಂದ ಹೀಗೆ ಏಳ್ತೀರಿ?"

"ನಮ್ಮನೇಲಿ ಎಲ್ಲರೂ ಹೀಗೇ ಏಳೋದು, ಡಾಕ್ಟ್ರೇ. ಅಮ್ಮ ಇದಕ್ಕೆ ಮನೆತನದ ಗತ್ತು ಅಂತಿದ್ಲು."

ಅವರ ಪೆನ್ನು ನಿಂತಿತು. "ಎಲ್ಲರೂ ಅಂದ್ರೆ ಯಾರ್ಯಾರು?"

ಅಪ್ಪ, ಸೋದರತ್ತೆ, ತಾತ. ನಾನು ಹೇಳುತ್ತಿದ್ದಂತೆ ಹಾಳೆಯ ಮೇಲೆ ವಂಶವೃಕ್ಷದ ಹಾಗೆ ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ ಬರೆದು ಕಪ್ಪು ಮಾಡುತ್ತಾ ಹೋದರು. ಹಿಂದಿನ ಮೂವರೂ ಇದನ್ನು ಕೇಳಿರಲಿಲ್ಲ. ಹೇಳಬೇಕೆಂದು ನನಗೂ ತೋಚಿರಲಿಲ್ಲ, ಗತ್ತನ್ನು ಯಾರು ಕಾಯಿಲೆ ಎನ್ನುತ್ತಾರೆ?

ಪರೀಕ್ಷೆಗೆ ರಕ್ತ ಕೊಟ್ಟು ಎರಡು ತಿಂಗಳಾದ ಮೇಲೆ ಇವತ್ತು ಕರೆದರು. ಒಂದು ಜೀನ್‌ನಲ್ಲಿ ದೋಷವಂತೆ. ವಂಶದಲ್ಲಿ ಇಳಿದು ಬಂದು, ಹೆಚ್ಚಿನವರಲ್ಲಿ ನಲವತ್ತು ದಾಟಿದ ಮೇಲೆ, ಕೆಲವರಲ್ಲಿ ಇನ್ನೂ ಬೇಗ ತಲೆಯೆತ್ತುವ ಅಪರೂಪದ ಕಾಯಿಲೆ. ವಾಸಿಯಾಗುವುದಿಲ್ಲ. ಏಣಿ ಹತ್ತಲಾರದೆ ಕೆಲಸ ಬಿಟ್ಟು ಕೂತ ಅಪ್ಪನನ್ನು ನಾನು ಮುಖಕ್ಕೆ ಹೊಡೆದ ಹಾಗೆ ಮೈಗಳ್ಳ ಎಂದಿದ್ದೆ. ಅಳು ಬರಬೇಕಿತ್ತು. ಬರಲಿಲ್ಲ. ಗೋಡೆಯ ಪುಟ್ಟಿ ಎಲ್ಲೆಲ್ಲಿ ಎದ್ದಿದೆ ಎಂದು ನೋಡುತ್ತಾ ಕೂತೆ.

"ನಿಮ್ಮ ಮಗಳಿಗೂ ಬಂದಿರೋ ಸಾಧ್ಯತೆ ಅರ್ಧಕ್ಕರ್ಧ," ಎಂದರು ಡಾಕ್ಟರಮ್ಮ. "ಪರೀಕ್ಷೆ ಮಾಡಿಸೋದು, ಬಿಡೋದು ಅವರಿಷ್ಟ. ಆದ್ರೆ ವಿಷಯ ನೀವೇ ಹೇಳ್ಬೇಕು."

ಮಗಳಿಗೆ ಇಪ್ಪತ್ತೆಂಟು. ಶಾಲೆಯಲ್ಲಿ ಆಟ ಕಲಿಸುವ ಟೀಚರ್. ಚಿಕ್ಕವಳಿದ್ದಾಗ ಅವಳ ತಾತ, ಅಂದರೆ ನಮ್ಮಪ್ಪ, ಏಳುವುದನ್ನು ಅಣಕಿಸಿ ತೋರಿಸುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.

ಹೊರಗೆ ಕುರ್ಚಿಗಳೆಲ್ಲ ತುಂಬಿದ್ದವು. ನನ್ನ ಜೊತೆ ಬಂದಿದ್ದ ಮಗಳು ಗೋಡೆಗೊರಗಿ ನೆಲದ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದಳು. ಕೈ ಮಂಡಿಗೆ, ಆಮೇಲೆ ತೊಡೆಗೆ.

"ಕೂತ್ಕೋ," ಎಂದೆ. "ಕೈ ಊರದೆ ಏಳು, ನೋಡೋಣ."

"ಏನಪ್ಪಾ, ನನಗೇ ಡ್ರಿಲ್ ಮಾಡಿಸ್ತೀಯಾ?" ಎಂದು ನಗುತ್ತಾ ಕೂತಳು. ಎದ್ದಳು. ಅರ್ಧಕ್ಕೆ ಬರುವಾಗ ಬಲಗೈ ತಾನಾಗಿಯೇ ಮಂಡಿಗೆ ಹೋಯಿತು.

"ಅಯ್ಯೋ, ಅಭ್ಯಾಸಬಲ!" ಎಂದು ಕೈ ಕೊಡವಿದಳು. "ಇರು, ಇನ್ನೊಂದ್ಸಲ ಸರಿಯಾಗಿ ಎದ್ದು ತೋರಿಸ್ತೀನಿ."

"ಬೇಡ," ಎಂದೆ, ಅವಳು ಕೂರುವ ಮೊದಲೇ ತೋಳು ಹಿಡಿದುಕೊಂಡು.